ಕೇಳಿ ಉಂಡ ಡೀನ್

ರಾಜ್ಯದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮರುವರ್ಷ ನಾನು ಮಂಡ್ಯ ಜಿಲ್ಲೆಯ ಒಂದು ಸಣ್ಣ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕುಲಸಚಿವೆಯಾಗಿದ್ದೆ. ಕುಲಸಚಿವರು ಎಂದರೆ ರಿಜಿಸ್ಟ್ರಾರ್. ಕುಲಪತಿಗಳು ವಿಶ್ವವಿದ್ಯಾಲಯದ ಮುಖವಾದರೆ ರಿಜಿಸ್ಟ್ರಾರ್ ಅದರ ಕೈಕಾಲು. ಹಾರ ಬೀಳುವುದು ಕೊರಳಿಗೆ, ಮುಳ್ಳು ಚುಚ್ಚುವುದು ಕಾಲಿಗೆ. ಕೆ.ಎ.ಎಸ್. ಅಧಿಕಾರಿಯಾಗಿ ಹಲವು ಜಿಲ್ಲೆಗಳನ್ನು ಸುತ್ತಿ ಬಂದಿದ್ದ ನನಗೆ ಇದೇ ಕೊನೆಯ ಹುದ್ದೆ.

ಬಳ್ಳಾರಿಯವಳಾದ ನಾನು ಮಂಡ್ಯಕ್ಕೆ ಬಂದಾಗ ಒಂದು ವ್ರತವನ್ನು ಜೊತೆಗೇ ತಂದಿದ್ದೆ. ನೌಕರಿಗೆ ಸೇರಿದ ಹೊಸತರಲ್ಲಿ ನನ್ನ ಮೇಲಧಿಕಾರಿಯೊಬ್ಬರು ಹೇಳಿದ್ದರು: "ಕೆಲಸ ಮಾಡೋ ಊರಲ್ಲಿ ಯಾರ ಮನೇಲೂ ಉಣ್ಣಬೇಡಮ್ಮ. ಉಂಡ ಉಪ್ಪು ಫೈಲಿನ ಮೇಲೆ ಬಂದು ಕೂರುತ್ತೆ." ಅಂದಿನಿಂದ ಹೋದಲ್ಲೆಲ್ಲ ಕಾಫಿ, ಎಳನೀರು, ಮಜ್ಜಿಗೆ, ಅದಕ್ಕಿಂತ ಮುಂದೆ ಹೋದವಳಲ್ಲ. ಮಂಡ್ಯದಂಥ ಜಿಲ್ಲೆಯಲ್ಲಿ ಈ ವ್ರತ ಕಾಪಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಒಂದು ಮದುವೆ ಸೀಸನ್ ಕಳೆದವರಿಗೆ ಗೊತ್ತು.

ನಮ್ಮಲ್ಲೊಂದು ಬ್ಯುಸಿನೆಸ್ ಸ್ಕೂಲ್ ಇತ್ತು. ಹೆಸರು ದೊಡ್ಡದು, ಕಟ್ಟಡ ಚಿಕ್ಕದು. ಅದಕ್ಕೆ ಡೀನ್ ಇರಲಿಲ್ಲ. ಡೀನ್ ಎಂದರೆ ಆ ಶಾಲೆಯ ಯಜಮಾನ: ಪಾಠ ಏನಿರಬೇಕು, ಯಾರು ಮಾಡಬೇಕು, ಮಕ್ಕಳಿಗೆ ಕೆಲಸ ಎಲ್ಲಿ ಸಿಗಬೇಕು ಎಂದು ಯೋಚಿಸುವವರು. ಎರಡು ಸಲ ಜಾಹೀರಾತು ಕೊಟ್ಟು ಎರಡು ಸಲವೂ ಸೋತಿದ್ದೆವು. ಮೊದಲು ಆಯ್ಕೆಯಾದವರು ನಮ್ಮ ನೇಮಕಾತಿ ಪತ್ರವನ್ನು ತಮ್ಮ ಹಳೆಯ ಸಂಸ್ಥೆಗೆ ತೋರಿಸಿ ಅಲ್ಲೇ ಬಡ್ತಿ ಗಿಟ್ಟಿಸಿಕೊಂಡರು. ಎರಡನೆಯವರು ಬಂದರು, ಒಂದು ವಾರ ಇದ್ದರು, ಶನಿವಾರ ಬೆಂಗಳೂರಿಗೆ ಹೋದವರು ಸೋಮವಾರ ಇಮೇಲ್ ಕಳಿಸಿದರು. ಅವರ ಕುರ್ಚಿಗೆ ತಂದಿದ್ದ ಹೊಸ ಟವೆಲ್ಲಿನ ಮಡಿಕೆಯನ್ನೂ ಯಾರೂ ಬಿಡಿಸಿರಲಿಲ್ಲ.

ಮೂರನೆಯ ಸಲ ಸೋಲುವ ಹಾಗಿರಲಿಲ್ಲ. ಹೊಸ ಪ್ರವೇಶಾತಿ ಶುರುವಾಗುವುದರೊಳಗೆ ಪೂರ್ಣಾವಧಿ ಡೀನ್ ಇಲ್ಲದಿದ್ದರೆ ಎಂ.ಬಿ.ಎ. ಸೀಟುಗಳನ್ನು ಹಿಂತೆಗೆದುಕೊಳ್ಳುವುದಾಗಿ ಮೇಲಿನಿಂದ ಕಟ್ಟುನಿಟ್ಟಾಗಿ ತಿಳಿಸಿದ್ದರು. ಕಾಗದದ ಮೇಲೆ ಇದು ಬರೀ ಸೀಟು. ಅದರ ಅರ್ಥ ಏನೆಂದು ನನಗೆ ಹೇಳಿದವಳು ಹಲಗೂರಿನ ರಂಜಿತಾ. ನಮ್ಮಲ್ಲೇ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ಹುಡುಗಿ. ಹಲಗೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮದ್ದೂರಿಗೆ ಇನ್ನೊಂದು, ಆಮೇಲೆ ನಮ್ಮ ಗೇಟಿಗೆ ನಡಿಗೆ. ಸುದ್ದಿ ಕೇಳಿ ನೇರವಾಗಿ ನನ್ನ ಕೊಠಡಿಗೇ ಬಂದಳು.

"ಮೇಡಮ್, ಎಂಬಿಎ ಮುಚ್ಚಾಕ್ತರಂತೆ, ದಿಟವಾ?"

"ಇನ್ನೂ ಇಲ್ಲಮ್ಮ. ಹಾಗೇನಾದರೂ ಆದರೆ ಮೈಸೂರಿದೆ."

"ಮೈಸೂರು ನಿಮ್ಗೆ ಅತ್ರ ಮೇಡಮ್. ಸಂಜೆ ಬಸ್ಗೆ ಮನೆಗೆ ಬರದಾದ್ರೆ ಓದು, ಇಲ್ದಿದ್ರೆ ಗಂಡು ನೋಡ್ತೀನಿ ಅಂದವ್ಳೆ ನಮ್ಮವ್ವ. ಇದು ಇದ್ರೆ ನಾನು ಓದ್ತೀನಿ. ಇಲ್ಲಾಂದ್ರೆ ಇಲ್ಲ."

ಅಳಲಿಲ್ಲ, ಬೇಡಲಿಲ್ಲ. ಇದ್ದದ್ದು ಹೇಳಿ ಹೋದಳು. ಅವಳು ಹೋದ ಮೇಲೆ ನನಗೆ ಆ ದಿನ ಬೇರೆ ಫೈಲು ನೋಡಲು ಮನಸ್ಸಾಗಲಿಲ್ಲ.

ಮೂರನೆಯ ಜಾಹೀರಾತಿಗೆ ಬಂದ ಅರ್ಜಿಗಳಲ್ಲಿ ಮೂವರು ಅರ್ಹರೆಂದು ಶೋಧನಾ ಸಮಿತಿ ಆರಿಸಿತು. ಲಕ್ನೋದ ಡಾ. ಶುಕ್ಲಾ, ಚೆನ್ನೈನ ಡಾ. ರಂಗರಾಜನ್, ಪುಣೆಯ ಡಾ. ಮಾಲಿನಿ ಜೋಶಿ. ಮೂವರನ್ನೂ ಕಂಪ್ಯೂಟರ್ ಪರದೆಯ ಮೇಲೇ ಸಂದರ್ಶಿಸುವುದು ನನ್ನ ಯೋಜನೆ. ಸಿಂಡಿಕೇಟ್ ಸಭೆಯಲ್ಲಿ ಅದನ್ನು ಮಂಡಿಸಿದೆ. ಸಿಂಡಿಕೇಟ್ ಎಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ಅದರಲ್ಲಿ ಸರ್ಕಾರ ನೇಮಿಸಿದ ಸದಸ್ಯರೊಬ್ಬರು ಕೊತ್ತತ್ತಿಯ ಬೋರೇಗೌಡರು. ನಾಲೆ ಬಯಲಿನ ಗದ್ದೆ, ಕಬ್ಬು, ಸ್ವಂತ ಆಲೆಮನೆ, ಬಿಳಿ ಷರಟು, ಮೈಕು ಬೇಡದ ಗಂಟಲು. ಆಯ್ಕೆ ಸಮಿತಿಯಲ್ಲಿ ಅವರಿರಲಿಲ್ಲ, ಆದರೆ ಅಭಿಪ್ರಾಯ ಹೇಳಲು ಅವರಿಗೆ ಸಮಿತಿಯ ಹಂಗೂ ಇರಲಿಲ್ಲ.

"ಅಲ್ಲ ಮೇಡಮ್ಮೋರೆ, ಎಣ್ ಕೊಡೋರು ಗಂಡಿನ ಮನೆ ನೋಡ್ದೆ ಕೊಟ್ಟಾರಾ? ಟೀವೀಲಿ ಮಕ ತೋರ್ಸಿ ಬಾ ಅಂತೀರಿ. ಬಂದು ನೋಡಿದ್ಮ್ಯಾಲೆ ಓಡೋಯ್ತಾರೆ. ಮೊದ್ಲೇ ಕರ್ಸಿ. ನೋಡ್ಲಿ. ಓಡೋಗಾದಾದ್ರೆ ಮೊದ್ಲೇ ಓಡೋಗ್ಲಿ."

ಕುಲಪತಿಗಳು ಸಸ್ಯಶಾಸ್ತ್ರದವರು, ಮಿತಭಾಷಿ. "ಗೌಡರು ಹೇಳೋದರಲ್ಲಿ ಅರ್ಥ ಇದೆ," ಎಂದರು. ಮೂವರಿಗೂ ಒಂದೊಂದು ದಿನದ ಭೇಟಿ ನಿಗದಿಯಾಯಿತು. ಕ್ಯಾಂಪಸ್ ತೋರಿಸುವುದು ನಾನು, ಊರು ತೋರಿಸುವುದು ಗೌಡರು ಎಂದೂ ಆಯಿತು. ಅಲ್ಲಿಯೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮೊದಲು ಬಂದವರು ಮಾಲಿನಿ ಜೋಶಿ. ಐವತ್ತರ ಆಸುಪಾಸಿನ, ಕತ್ತರಿಸಿದ ನರೆಗೂದಲಿನ, ಚುರುಕು ಕಣ್ಣಿನ ಹೆಂಗಸು. ಕನ್ನಡದಲ್ಲೇ ಮಾತು ತೆಗೆದರು. "ಅಪ್ಪ ಕರೆಂಟ್ ಇಲಾಖೇಲಿದ್ದರು, ಊರೂರು ತಿರುಗಿದ್ದೀವಿ. ಮಾತಾಡಿ ಬಹಳ ವರ್ಷ ಆಯ್ತು, ತಪ್ಪಿದ್ದರೆ ತಿದ್ದಿ," ಎಂದರು. ತಿದ್ದುವಂಥದ್ದೇನೂ ಇರಲಿಲ್ಲ.

ನಾನು ಹೊಸ ಸ್ಮಾರ್ಟ್ ಬೋರ್ಡಿನ ತರಗತಿಗೆ ಕರೆದುಕೊಂಡು ಹೋದೆ. ಬೋರ್ಡು ಹೊತ್ತಿಕೊಳ್ಳುವ ಹೊತ್ತಿಗೆ ಕರೆಂಟು ಹೋಯಿತು. "ಇದು ಅಪರೂಪ," ಎಂದೆ. ಹಿಂದೆ ನಿಂತಿದ್ದ ಬೋರೇಗೌಡರು, "ಎಂತ ಅಪ್ರೂಪ ಬುಡಿ, ದಿನಾ ಓಯ್ತದೆ," ಎಂದರು. ಗ್ರಂಥಾಲಯದಲ್ಲಿ ಮೇಲೆ ನೋಡಿ, "ಈ ಮೂಲೆ ಮಳೇಲಿ ಸೋರ್ತದೆ, ಪುಸ್ತಕ ಆ ಕಡೀಕೆ ಇಡ್ಸಿವಿ," ಎಂದರು. ಡೀನ್ ಕೊಠಡಿಯಲ್ಲಿ, "ಇದೇ ನೋಡಿ, ಓಡೋದ್ರಲ್ಲ, ಅವ್ರ ಕುರ್ಚಿ," ಎಂದು ಅದನ್ನು ತಿರುಗಿಸಿಯೂ ತೋರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಒಂದು ಬಾಗಿಲು ತೆರೆಯುವಷ್ಟರಲ್ಲಿ ಈ ಮನುಷ್ಯ ಎರಡು ಬಾಗಿಲು ಮುಚ್ಚುತ್ತಿದ್ದಾರೆ ಅನಿಸಿತು. ಮಾಲಿನಿ ಮಾತ್ರ ಆ ಕುರ್ಚಿಯಲ್ಲಿ ಒಮ್ಮೆ ಕೂತು, ಎದ್ದು, "ಎತ್ತರ ಸರಿ ಇದೆ," ಎಂದರು.

ವಿದ್ಯಾರ್ಥಿಗಳ ಜೊತೆ ಮಾತಿಗೆ ಕೂರಿಸಿದಾಗ ರಂಜಿತಾ ಎದ್ದು ನಿಂತಳು. "ಮೇಡಮ್, ನೀವು ಬಂದ್ರೆ ಎಷ್ಟು ದಿನ ಇರ್ತೀರಾ?"

ನಾನು ಕಣ್ಣಲ್ಲೇ ಗದರಿದೆ. ಮಾಲಿನಿ ನಕ್ಕರು. "ನೀನು ದಿನಾ ಎಷ್ಟು ಹೊತ್ತಿಗೆ ಬರ್ತೀಯಮ್ಮ?"

"ಮೊದಲನೇ ಕ್ಲಾಸು ಯಾವಾಗ್ಲೂ ಅರ್ಧ ಆಗಿರ್ತದೆ ಮೇಡಮ್. ಮಳವಳ್ಳಿ ಬಸ್ಸು ಲೇಟಾಗಿ ಬರ್ತದೆ. ನಾನೊಬ್ಳೇ ಅಲ್ಲ, ಆ ಕಡೆಯಿಂದ ಬರೋರೆಲ್ಲ ಅಷ್ಟೆ."

"ಸರಿ," ಎಂದು ಮಾಲಿನಿ ತಲೆ ಆಡಿಸಿದರು.

ಮಧ್ಯಾಹ್ನ ಗೌಡರು ನಮ್ಮನ್ನು ಕೊತ್ತತ್ತಿಗೆ ಕರೆದೊಯ್ದರು. ಅತಿಥಿ ಸಸ್ಯಾಹಾರಿ ಎಂದು ಮೊದಲೇ ಹೇಳಿದ್ದರಿಂದ ಅವರ ಮನೆಯವರು ಜಯಮ್ಮ ಹುರುಳಿಕಾಳಿನ ಬಸ್ಸಾರು, ಮುದ್ದೆ, ಪಲ್ಯ ಮಾಡಿ ಕಾದಿದ್ದರು. ಎಲೆ ಹಾಕಲು ಹೊರಟಾಗ ಮಾಲಿನಿ ಕೈ ಅಡ್ಡ ಹಿಡಿದರು. "ಈಗ ಊಟ ಬೇಡಮ್ಮ. ಕಾಫಿ ಸಾಕು."

ನಮ್ಮ ಬಳ್ಳಾರಿ ಕಡೆ ಬಂದವರು ಉಣ್ಣದೆ ಎದ್ದರೆ ಅದು ಜಗಳಕ್ಕೆ ಸಮ. ಇಲ್ಲಿ ಗೌಡರಾಗಲಿ ಜಯಮ್ಮನಾಗಲಿ ಒತ್ತಾಯವನ್ನೇ ಮಾಡಲಿಲ್ಲ. ಬಲವಂತಕ್ಕೆ ಹೆಸರಾದ ಜನ, ಒಂದು ಮಾತೂ ಇಲ್ಲದೆ ಕಾಫಿ ತಂದಿಟ್ಟರು. ಸಿಟ್ಟಾಗಿದ್ದಾರೆ ಎಂದುಕೊಂಡೆ. ಗೌಡರು ಮಾತ್ರ ಬೆನ್ನು ನೆಟ್ಟಗೆ ಮಾಡಿ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಅಲ್ಲಿಯವರೆಗೆ ಇಲ್ಲದ ಗಾಂಭೀರ್ಯದಿಂದ ಕೂತರು.

ಕಾಫಿಯಾದ ಮೇಲೆ ಹತ್ತಿರದ ಆಲೆಮನೆಗೆ ಹೋದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಮಾಲಿನಿ ಬೆಲ್ಲ ಬಾಯಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡು ಹೊರಡುತ್ತಾರೆಂದು ಎಣಿಸಿದ್ದೆ. ಅವರು ಅಲ್ಲಿದ್ದ ಮರದ ದಿಮ್ಮಿಯ ಮೇಲೆ ಕೂತುಬಿಟ್ಟರು. ಅಚ್ಚು ಬೆಲ್ಲವೇ ಏಕೆ, ಪುಡಿ ಏಕೆ ಮಾಡುವುದಿಲ್ಲ, ಬಣ್ಣ ಬೆಳ್ಳಗಿರಬೇಕೆಂದು ಕೇಳುವವರು ಯಾರು, ತಿನ್ನುವವರೋ ಮಾರುವವರೋ? ಗೌಡರು ಉತ್ತರ ಕೊಟ್ಟಂತೆಲ್ಲ ಇನ್ನೊಂದು ಪ್ರಶ್ನೆ. ಕೊನೆಗೆ ಗೌಡರೇ, "ಇದ ನಾನ್ಯಾವತ್ತೂ ಯೋಚ್ನೆ ಮಾಡಿರ್ನಿಲ್ಲ ಕಣಮ್ಮ," ಎಂದು ತಲೆ ಕೆರೆದುಕೊಂಡರು. ಮಾಲಿನಿಯವರ ಸೀರೆಯ ಅಂಚಿಗೆ ಬೆಲ್ಲ ಮೆತ್ತಿತ್ತು, ಮುಖದಲ್ಲಿ ಸಂತೋಷ ಕಾಣುತ್ತಿತ್ತು.

ಮನೆಗೆ ಮರಳಿದ ಮೇಲೆ ಅವರು ಹಿತ್ತಿಲಿನ ನಲ್ಲಿಯಲ್ಲಿ ಕೈಕಾಲು ತೊಳೆದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. "ಜಯಮ್ಮಾ, ಈಗ ಊಟ ಬಡಿಸ್ತೀರಾ?"

ಜಯಮ್ಮ ಗಂಡನ ಮುಖ ನೋಡಿದರು. ಗೌಡರು ಹೆಂಡತಿಯ ಮುಖ ನೋಡಿದರು. ಇಬ್ಬರ ಮುಖವೂ ಅರಳಿತು. ಹಸಿವಾಗಿದೆ ಪಾಪ, ಎಂದುಕೊಂಡು ನಾನು ನನ್ನ ಪಾಡಿಗೆ ಮಜ್ಜಿಗೆ ಕುಡಿದೆ. ಮಾಲಿನಿ ಎರಡನೆಯ ಮುದ್ದೆಯನ್ನೂ ಹಾಕಿಸಿಕೊಂಡರು.

ಎರಡು ದಿನದ ನಂತರ ಕೆಲಸದ ಮೇಲೆ ಮದ್ದೂರಿಗೆ ಹೋದೆ. ಬಸ್ ನಿಲ್ದಾಣದ ಎದುರು ಕಾರು ನಿಧಾನವಾಯಿತು. ತಲೆ ಎತ್ತಿದರೆ ಆಳೆತ್ತರದ ಫ್ಲೆಕ್ಸು. ನಡುವೆ ಮಾಲಿನಿ ಜೋಶಿಯವರ ಫೋಟೊ, ಯಾವುದೋ ವೆಬ್‌ಸೈಟಿನಿಂದ ಎತ್ತಿ ಹಿಗ್ಗಿಸಿದ್ದು. ಪಕ್ಕದಲ್ಲಿ ಕೈ ಮುಗಿದ ಬೋರೇಗೌಡರು. ಕೆಳಗೆ ಕೊತ್ತತ್ತಿಯ ಅಷ್ಟೂ ಪ್ರಮುಖರ ತಲೆಗಳು. "ನಮ್ಮ ವಿಶ್ವವಿದ್ಯಾಲಯದ ನೂತನ ಡೀನ್ ಆಗಿ ಆಗಮಿಸುತ್ತಿರುವ ಡಾ. ಮಾಲಿನಿ ಜೋಶಿಯವರಿಗೆ ಹಾರ್ದಿಕ ಸ್ವಾಗತ."

ಇನ್ನೂ ಸಂದರ್ಶನವೇ ಆಗಿಲ್ಲ! ಉಳಿದಿಬ್ಬರು ಊರಿಗೇ ಬಂದಿಲ್ಲ! ಅವರಲ್ಲಿ ಒಬ್ಬರು ಈ ಫ್ಲೆಕ್ಸಿನ ಫೋಟೊ ಹಿಡಿದು ನ್ಯಾಯಾಲಯಕ್ಕೆ ಹೋದರೆ, "ಮೊದಲೇ ತೀರ್ಮಾನ ಮಾಡಿದ್ದರು" ಎಂಬ ಒಂದೇ ಮಾತಿಗೆ ಇಡೀ ನೇಮಕಾತಿ ಬಿದ್ದುಹೋಗುತ್ತದೆ. ಅದು ಬಿದ್ದರೆ ಸೀಟು ಹೋಯಿತು. ಸೀಟು ಹೋದರೆ ರಂಜಿತಾಗೆ ಗಂಡು ನೋಡುತ್ತಾರೆ. ರಸ್ತೆ ಬದಿಯಲ್ಲೇ ನಿಂತು ಗೌಡರಿಗೆ ಫೋನು ಹಚ್ಚಿದೆ.

"ಗೌಡರೇ, ಯಾರ ಅಪ್ಪಣೆ ಕೇಳಿ ಹಾಕಿಸಿದಿರಿ ಇದನ್ನ?"

"ಯಾಕ್ ಮೇಡಮ್ಮೋರೆ, ಫೋಟೋ ಚೆಂದಾಗ್ ಬಂದಿಲ್ವಾ?"

"ಆಯ್ಕೆಯೇ ಆಗಿಲ್ಲ ಗೌಡರೇ!"

"ನೀವು ಆಯ್ಕೆ ಮಾಡ್ಕಳಿ, ಬ್ಯಾಡ ಅಂದೋರ್ಯಾರು? ಆಯಮ್ಮ ಒಪ್ಕಂಡವ್ರಲ್ಲ. ನಿಮ್ ಕಣ್ಮುಂದ್ಲೇ ಉಂಡ್ರಲ್ಲ."

ಆಗ ಬಿಡಿಸಿ ಹೇಳಿದರು. ಈ ಕಡೆ ಸಂಬಂಧ ನೋಡಲು ಹೋದವರು ಒಪ್ಪುವವರೆಗೂ ಆ ಮನೆಯಲ್ಲಿ ಉಣ್ಣುವುದಿಲ್ಲ. ಕಾಫಿ ತಿಂಡಿಯಲ್ಲೇ ನಿಲ್ಲಿಸುತ್ತಾರೆ. ಅದಕ್ಕೇ ಯಾರೂ ಬಲವಂತ ಮಾಡುವುದಿಲ್ಲ. ಮನಸ್ಸಿಗೆ ಬಂದರೆ ಊಟಕ್ಕೆ ಕೂರುತ್ತಾರೆ; ಊಟಕ್ಕೆ ಕೂತರೆ ಮಾತು ಮುಗಿಯಿತು. "ಮೊದ್ಲು ಬ್ಯಾಡ ಅಂದ್ರು. ಎಲ್ಲಾ ನೋಡುದ್ರು. ಆಮ್ಯಾಕೆ ಬಡ್ಸಿ ಅಂದ್ರು. ಇನ್ನೇನ್ ಬಾಯ್ಬುಟ್ಟು ಯೋಳ್ಬೇಕಾ?"

"ಅವರು ಪುಣೆಯವರು ಗೌಡರೇ. ಅವರಿಗೇನು ಗೊತ್ತು ನಿಮ್ಮ ಶಾಸ್ತ್ರ? ಹಸಿವಾಗಿತ್ತು, ಉಂಡರು. ಮೂವರಲ್ಲಿ ಭೇದ ಮಾಡಬಾರದು. ಸಂಜೆಯೊಳಗೆ ಅದನ್ನ ತೆಗೆಸಿ."

ತೆಗೆಸಿದರು. ನಾನು ಕುಲಪತಿಗಳಿಗೆ ಎಲ್ಲ ಹೇಳಿ, ಮೂವರು ಅಭ್ಯರ್ಥಿಗಳಿಗೂ ಫ್ಲೆಕ್ಸಿನ ಚಿತ್ರದ ಸಮೇತ ಒಂದೇ ಒಕ್ಕಣೆಯ ಇಮೇಲ್ ಕಳಿಸಿದೆ: ಸದಸ್ಯರೊಬ್ಬರ ಅತ್ಯುತ್ಸಾಹದಿಂದ ಹೀಗಾಗಿದೆ, ಯಾವ ತೀರ್ಮಾನವೂ ಆಗಿಲ್ಲ, ಆ ಸದಸ್ಯರಿಗೆ ಆಯ್ಕೆಯಲ್ಲಿ ಪಾತ್ರವಿಲ್ಲ, ಆಕ್ಷೇಪಣೆ ಇದ್ದರೆ ತಿಳಿಸಿ. ಶುಕ್ಲಾ ಮತ್ತು ರಂಗರಾಜನ್ ಇಲ್ಲವೆಂದು ಬರೆದರು. ಮಾಲಿನಿ ಬರೆದದ್ದು ಒಂದೇ ಸಾಲು: "ಫೋಟೊದ ಬಗ್ಗೆ ಬಿಟ್ಟರೆ ಬೇರೆ ಆಕ್ಷೇಪಣೆ ಇಲ್ಲ."

ಮರುವಾರ ಶುಕ್ಲಾ ಅವರನ್ನು ಕರೆತರಲು ಮದ್ದೂರಿಗೆ ಹೋದರೆ ಅದೇ ಜಾಗದಲ್ಲಿ ಒಂದಲ್ಲ, ಮೂರು ಫ್ಲೆಕ್ಸು! ಮೂವರಿಗೂ ಒಂದೊಂದು, ಒಂದೇ ಅಳತೆ. "ನೂತನ ಡೀನ್" ಹೋಗಿ "ಸಂದರ್ಶನಕ್ಕೆ ಆಗಮಿಸುತ್ತಿರುವ" ಬಂದಿತ್ತು. ಗೌಡರ ಕೈ ಮುಗಿದ ಚಿತ್ರ ಮೂರರಲ್ಲೂ ಇತ್ತು. ಮತ್ತೆ ಅವರಿಗೆ ಫೋನು ಹಚ್ಚಿದೆ.

"ಭೇದ ಮಾಡ್ಬಾರ್ದು ಅಂದ್ರಲ್ಲ ಮೇಡಮ್ಮೋರೆ. ಮೂರು ಜನುಕ್ಕೂ ಆಕುಸ್ಬುಟ್ಟೆ."

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ನಿಯಮದ ಪುಸ್ತಕದಲ್ಲಿ ಮೂವರನ್ನು ಸಮನಾಗಿ ಸ್ವಾಗತಿಸಬಾರದು ಎಂದು ಎಲ್ಲಿಯೂ ಬರೆದಿಲ್ಲ. ಶುಕ್ಲಾ ಅವರಂತೂ ಕಾರಿನಿಂದಿಳಿದು, ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ ತಿಳಿದು, ಅದರ ಕೆಳಗೆ ನಿಂತು ಹೆಂಡತಿಗೆ ವಿಡಿಯೊ ಕರೆ ಮಾಡಿದರು. ಊರಿಗೆ ಹೋಗುವಾಗ ಆ ಫ್ಲೆಕ್ಸನ್ನು ಸುತ್ತಿಕೊಡಿ ಎಂದು ಕೇಳಿ ಒಯ್ದರು. ಅವರೂ ರಂಗರಾಜನ್ ಅವರೂ ಕೊತ್ತತ್ತಿಯಲ್ಲಿ ಎಲೆ ಹಾಕಿದ ಕೂಡಲೇ ಕೂತು ಸೊಗಸಾಗಿ ಉಂಡರು.

"ಈಗೇನು ಹೇಳ್ತೀರಿ ಗೌಡರೇ? ಮೂವರೂ ಉಂಡರು. ಮೂವರೂ ಒಪ್ಪಿದ ಹಾಗಾಯಿತಲ್ಲ," ಎಂದು ಕಾಲೆಳೆದೆ. ಗೌಡರು ಮೀಸೆ ತಿರುವಿದರು.

ಸಂದರ್ಶನದ ದಿನ ಹೊರಗಿನಿಂದ ಬಂದ ತಜ್ಞರು ಮೂವರಿಗೂ ಒಂದೇ ಪ್ರಶ್ನೆ ಕೇಳಿದರು: ಮೊದಲ ವರ್ಷದಲ್ಲಿ ಏನು ಮಾಡುತ್ತೀರಿ? ಶುಕ್ಲಾ ಉತ್ಕೃಷ್ಟತಾ ಕೇಂದ್ರದ ಮಾತಾಡಿದರು. ರಂಗರಾಜನ್ ವಿದೇಶಿ ಒಪ್ಪಂದಗಳ ಮಾತಾಡಿದರು. ಇಬ್ಬರೂ ಒಳ್ಳೆಯ ವಿದ್ವಾಂಸರೇ. ಮಾಲಿನಿ, "ಮೊದಲು ಟೈಮ್ ಟೇಬಲ್ ಬದಲಾಯಿಸುತ್ತೇನೆ," ಎಂದರು. ತಜ್ಞರು ಮುಖ ಮುಖ ನೋಡಿಕೊಂಡರು. "ಮಳವಳ್ಳಿ ಬಸ್ಸು ಬಂದ ಮೇಲೆ ಮೊದಲ ತರಗತಿ. ಹಾಜರಿರದ ವಿದ್ಯಾರ್ಥಿಗೆ ಯಾವ ಮ್ಯಾನೇಜ್‌ಮೆಂಟ್ ಕಲಿಸೋದು? ಎರಡನೆಯದು, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಹಂಗಾಮು ಆಲೆಮನೆಯಲ್ಲೋ ರೇಷ್ಮೆ ಮನೆಯಲ್ಲೋ ಡೇರಿಯಲ್ಲೋ ಕೂತು, ಅದನ್ನು ಹೇಗೆ ಬೆಳೆಸಬಹುದು ಅಂತ ಅದರ ಯಜಮಾನರಿಗೆ ಒಪ್ಪಿಸಬೇಕು. ಅಂಕ ಅರ್ಧ ನಾವು ಕೊಡೋದು, ಅರ್ಧ ಅವರು." ಸಮಿತಿ ಒಮ್ಮತದಿಂದ ಅವರ ಹೆಸರನ್ನು ಮೊದಲಿಟ್ಟಿತು.

ನೇಮಕಾತಿ ಪತ್ರ ಹೋಯಿತು. ನಿಜವಾದ ಸಂಕಟ ಶುರುವಾದದ್ದು ಆಮೇಲೆ. ಒಪ್ಪಿಗೆಯ ಉತ್ತರ ಬರಲಿಲ್ಲ. ಬೆಂಗಳೂರಿನ ದೊಡ್ಡ ಖಾಸಗಿ ಸಂಸ್ಥೆಯೊಂದು ಅವರನ್ನು ಕರೆದಿದೆ ಎಂದು ಕಿವಿಗೆ ಬಿತ್ತು. ಫೋನು ಮಾಡಿದರೆ, "ಇಲ್ಲಿ ಬಿಡುಗಡೆ ಮಾಡಬೇಕು, ಸ್ವಲ್ಪ ತಾಳಿ," ಎನ್ನುತ್ತಿದ್ದರು. ಹಿಂದಿನ ಇಬ್ಬರೂ ಇದೇ ಮಾತು ಹೇಳಿದ್ದರು. ಪ್ರವೇಶಾತಿಯ ದಿನ ಹತ್ತಿರವಾಗುತ್ತಿತ್ತು. ಕಾರಿಡಾರಿನಲ್ಲಿ ರಂಜಿತಾ ಕಂಡರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಗೌಡರು ಮಾತ್ರ ನಿಶ್ಚಿಂತೆಯಿಂದಿದ್ದರು. "ಉಂಡೋರು ಒಲ್ಲೆ ಅನ್ನಲ್ಲ ಬುಡಿ."

"ಮೂವರೂ ಉಂಡಿದ್ದರು ಗೌಡರೇ!"

"ಅವ್ರಿಬ್ರು ಬಡ್ಸುದ್ದಕ್ಕೆ ಉಂಡ್ರು ಮೇಡಮ್ಮೋರೆ. ಈಯಮ್ಮ ಕೇಳಿ ಉಂಡ್ರು. ಎರಡೂ ಒಂದೇಯ?"

ಪ್ರವೇಶಾತಿ ಶುರುವಾಗುವ ಮುಂಚಿನ ಸೋಮವಾರ ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಹೊರಗಿನ ಬೆಂಚಿನ ಮೇಲೆ ಒಂದು ಸೂಟ್‌ಕೇಸು, ಅದರ ಪಕ್ಕದಲ್ಲಿ ಮಾಲಿನಿ. "ಉತ್ತರ ಬರೆಯೋದಕ್ಕಿಂತ ಬಂದುಬಿಡೋದೇ ಬೇಗ ಅನ್ನಿಸ್ತು," ಎಂದರು. ಅವರು ಕರ್ತವ್ಯಕ್ಕೆ ಹಾಜರಾದ ವರದಿಗೆ ಸಹಿ ಮಾಡುವಾಗ ನಾನು ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ. ಸಹಿ ಮುಗಿದ ಮೇಲೆ ಕುಣಿಯಬೇಕೆನಿಸಿತು. ರಿಜಿಸ್ಟ್ರಾರ್ ಆದ್ದರಿಂದ ಕಾಫಿ ತರಿಸಿದೆ.

ಫ್ಲೆಕ್ಸಿನ ಕಥೆ, ಊಟದ ಕಥೆ ಎಲ್ಲ ಹೇಳಿ, "ನಿಮಗೆ ಹಸಿವಾಗಿದ್ದಕ್ಕೆ ಗೌಡರು ಎಷ್ಟೆಲ್ಲ ಅರ್ಥ ಹಚ್ಚಿದರು ನೋಡಿ," ಎಂದು ನಕ್ಕೆ. ಮಾಲಿನಿ ನಗಲಿಲ್ಲ.

"ಗೌಡರು ಸರಿಯಾಗೇ ತಿಳಿದಿದ್ದರು ಮೇಡಮ್. ನಾನು ಹುಟ್ಟಿದ್ದು ಇಲ್ಲೇ, ಮಳವಳ್ಳಿ ಹತ್ತಿರದ ಬ್ಲಫ್‌ನಲ್ಲಿ. ಅಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿದ್ದರು. ಪಕ್ಕದ ಮನೆ ಅಕ್ಕನಿಗೆ ಹಲಗೂರಲ್ಲಿ ಗಂಡು ನೋಡೋಕೆ ಹೋದಾಗ ನನ್ನನ್ನೂ ಕರ್ಕೊಂಡು ಹೋಗಿದ್ದರು. ಅಡುಗೆಮನೆಯಿಂದ ಪಾಯಸದ ವಾಸನೆ ಬರ್ತಿತ್ತು, ಬೇಕು ಅಂತ ಹಟ ಮಾಡಿದೆ. ಆ ಅಕ್ಕನ ಅಜ್ಜಿ ತೊಡೆ ಚಿವುಟಿ, 'ಒಪ್ದೆ ಉಣ್ಬಾರ್ದು ಕಣವ್ವ' ಅಂದರು. ಆ ಚಿವುಟು ಮರೆಯುತ್ತಾ? ಅದಕ್ಕೇ ಜಯಮ್ಮನವರಿಗೆ ಮೊದಲು ಬೇಡ ಅಂದೆ. ಎಲ್ಲ ನೋಡಿ ಆದ ಮೇಲೆ ಕೇಳಿ ಉಂಡೆ."

"ಬ್ಲಫ್‌ನವರು ಅಂತ ಒಂದು ಮಾತು ಹೇಳಬಾರದಿತ್ತೇ?"

"ಅರ್ಜಿ ಹಾಕಿದ ಊರಲ್ಲಿ ನಾನು ನಿಮ್ಮವಳೇ ಅಂತ ಹೇಳಿಕೊಂಡರೆ ಅದು ಶಿಫಾರಸು ಆಗುತ್ತೆ. ಕೆಲಸ ಸಿಗಲಿ, ಆಮೇಲೆ ಹೇಳೋಣ ಅಂತಿದ್ದೆ."

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಬೋರೇಗೌಡರು ಬಂದರು. ಕಂಕುಳಲ್ಲಿ ಸುತ್ತಿದ ಫ್ಲೆಕ್ಸು. ಬಿಚ್ಚಿದರೆ ಅದೇ ಹಳೆಯದು, "ನೂತನ ಡೀನ್" ಎಂಬುದು. "ತೆಗ್ಸಿ ಅಂದಿದ್ರಿ, ತೆಗ್ಸಿದ್ದೆ. ಅರ್ದಾಕಿ ಅಂದಿರ್ನಿಲ್ವಲ್ಲ," ಎಂದರು. ಸಂಜೆಯ ಹೊತ್ತಿಗೆ ಅದು ನಮ್ಮ ಗೇಟಿನ ಮೇಲಿತ್ತು. ಮಳವಳ್ಳಿ ಬಸ್ಸು ಹಿಡಿಯಲು ಹೊರಟಿದ್ದ ರಂಜಿತಾ ಅದರ ಕೆಳಗೆ ನಿಂತು ಜೋರಾಗಿ ಓದಿ, ಬ್ಯಾಗು ಗೆಳತಿಯ ಕೈಗೆ ಕೊಟ್ಟು, ಚಪ್ಪಾಳೆ ತಟ್ಟಿದಳು. ಅವಳು ಆ ವರ್ಷ ಎಂ.ಬಿ.ಎ. ಸೇರಿದಳು. ಮೊದಲ ತರಗತಿ ಬಸ್ಸು ಬಂದ ಮೇಲೆ ಶುರುವಾಗುತ್ತಿತ್ತು.

ನೌಕರಿಯುದ್ದಕ್ಕೂ ನಾನು ಒಪ್ಪಿಗೆಯನ್ನು ಕಾಗದದಲ್ಲೇ ಹುಡುಕಿದವಳು. ಕಾಗದ ಬೇಕು, ಅದಿಲ್ಲದೆ ಸರ್ಕಾರ ನಡೆಯುವುದಿಲ್ಲ. ಆದರೆ ಒಬ್ಬರು ಒಂದು ಊರಿಗೆ ಬಂದು ಇರುತ್ತಾರೋ ಇಲ್ಲವೋ ಎಂಬುದು ಕಾಗದಕ್ಕೆ ಮೊದಲೇ ಎಲ್ಲೋ ತೀರ್ಮಾನವಾಗಿರುತ್ತದೆ. ಕರೆಯುವವರು ಸೋರುವ ಮೂಲೆಯನ್ನೂ ತೋರಿಸಬೇಕು, ನೋಡಿದವರು ತಾವಾಗಿ ಕೇಳುವವರೆಗೆ ಕಾಯಬೇಕು. ನನ್ನ ಕೊನೆಯ ಹುದ್ದೆ ಕಲಿಸಿದ ಪಾಠ ಇದು.

ನಿವೃತ್ತಿಯ ದಿನ ಚಾರ್ಜ್ ಒಪ್ಪಿಸಿ, ಸರ್ಕಾರಿ ಕಾರನ್ನು ಬಿಟ್ಟು, ಆಟೊ ಹಿಡಿದು ಕೊತ್ತತ್ತಿಗೆ ಹೋದೆ. ಜಯಮ್ಮ ಎಂದಿನಂತೆ ಮಜ್ಜಿಗೆ ತಂದರು. ಲೋಟ ಪಕ್ಕಕ್ಕಿಟ್ಟು, "ಜಯಮ್ಮಾ, ಊಟ ಬಡಿಸ್ತೀರಾ?" ಎಂದೆ.

ಜಗುಲಿಯಲ್ಲಿ ಕೂತಿದ್ದ ಬೋರೇಗೌಡರು ಎದ್ದು ನಿಂತರು. "ಅಂಗಾರೆ ಒಪ್ಕಂಡ್ರಾ ಮೇಡಮ್ಮೋರೆ?"

"ಒಪ್ಪಿದೆ," ಎಂದೆ. ನಾನೀಗ ಇರುವುದು ಮಂಡ್ಯದಲ್ಲೇ.